ಗುಂಡಿನ ಅಚ್ಚು ಕೊಳ್ಳುವ ಮೊದಲು

ಅಣ್ಣಾ ಎಂದು ಕರೆದಿದ್ದೀಯ, ಹಾಗಾಗಿ ನೀನು ಎಂದೇ ಬರೆಯುತ್ತೇನೆ. ಟೆಕ್ಸಾಸಿಗೆ ಬಂದು ನಾಲ್ಕು ತಿಂಗಳಾಯಿತು, ಆಫೀಸಿನ ಗೆಳೆಯನ ಹತ್ತಿರ .38 ಸ್ಪೆಷಲ್ ರಿವಾಲ್ವರ್ ಇದೆ, ಇಬ್ಬರೂ ಸೇರಿ ನಿನ್ನ ಗ್ಯಾರೇಜಿನಲ್ಲಿ ಸೀಸದ ಗುಂಡು ಎರಕ ಹೊಯ್ಯೋಣ ಅಂತಿದ್ದೀರಿ, ಯಾವ ಅಚ್ಚು ಕೊಳ್ಳಲಿ? ಇದು ನಿನ್ನ ಪ್ರಶ್ನೆ. ಊರು ಮಡಿಕೇರಿ, ಕೈಲ್ ಪೊಳ್ದು ಹಬ್ಬಕ್ಕೆ ಕೋವಿಗೆ ಹೂವಿಟ್ಟು ಬೆಳೆದವನು, ಅಭ್ಯಾಸ ಇದೆ ಎಂದೂ ಬರೆದಿದ್ದೀಯ.

ಆ ಮಾತು ಓದಿಯೇ ನನಗೆ ಸ್ವಲ್ಪ ಭಯವಾಯಿತು. ಊರಲ್ಲಿ ಕೊಡವರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, ನಿಜ. ಇಲ್ಲಿ ಆಟ ಬೇರೆ. ನೀನು ಬಂದಿರುವುದು ಎಚ್-1ಬಿ ಮೇಲೆ. ಅಂಥ ವೀಸಾದವರು ಬಂದೂಕು, ಮದ್ದುಗುಂಡು ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಟೆಕ್ಸಾಸಿನವರು ಎಷ್ಟೇ ಧಾರಾಳವಾಗಿರಲಿ, ಅದು ಕೇಂದ್ರದ ಕಾನೂನು. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ: ಆ ಕಾನೂನಿನಲ್ಲಿ ಮದ್ದುಗುಂಡು ಎಂದರೆ ತುಂಬಿದ ತೋಟಾ ಮಾತ್ರವಲ್ಲ. ತೋಟಾದ ಖಾಲಿ ಕವಚ, ಕಿಡಿ ಹೊತ್ತಿಸುವ ಪ್ರೈಮರ್, ಮದ್ದು, ಬರೀ ಸೀಸದ ಗುಂಡು, ಎಲ್ಲವೂ ಸೇರುತ್ತವೆ. ಅಚ್ಚು ಮನೆಯಲ್ಲಿದ್ದರೆ ತೊಂದರೆಯಿಲ್ಲ, ಅದರಿಂದ ಉದುರಿದ ಮೊದಲ ಗುಂಡಿನಿಂದಲೇ ತೊಂದರೆ ಶುರು. ಶಿಕ್ಷೆ 15 ವರ್ಷದವರೆಗೆ ಆಗಬಹುದು. ವೀಸಾ, ಮುಂದಿನ ಗ್ರೀನ್ ಕಾರ್ಡ್ ಎರಡಕ್ಕೂ ಎಳ್ಳುನೀರು.

ಹಾಗಂತ ದಾರಿ ಇಲ್ಲವೇ ಇಲ್ಲ ಅಂತಲ್ಲ. ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ವಿನಾಯಿತಿ ಸಿಗುತ್ತದೆ. ಅವಧಿ ಮುಗಿದ ದಿನವೇ ವಿನಾಯಿತಿಯೂ ಮುಗಿಯಿತು. ಒಮ್ಮೆ ವಲಸೆ ವಕೀಲರನ್ನು ಕೇಳಿಯೇ ಮುಂದುವರಿ, ಆಫೀಸಿನ ಗೆಳೆಯನ ಮಾತು ಸಾಲದು. ಅವನು ಇಲ್ಲೇ ಹುಟ್ಟಿದವನು, ನಿನ್ನ ಕಷ್ಟ ಅವನಿಗೆ ಹೊಳೆಯುವುದೂ ಇಲ್ಲ.

ಇನ್ನು ಅಚ್ಚಿನ ಮಾತು. ನಾನು ಗ್ರೀನ್ ಕಾರ್ಡ್ ಬಂದ ಮೇಲೆ ಹುಮ್ಮಸ್ಸಿನಲ್ಲಿ ಒಂದೇ ಸಲಕ್ಕೆ ಆರು ಗುಂಡಿನ ಅಚ್ಚು ತಂದೆ. ಪಡ್ಡಿನ ಕಾವಲಿ ನೋಡಿದ್ದೀಯಲ್ಲ, ಹಾಗೆಯೇ ಸಾಲಾಗಿ ಗುಳಿಗಳು. ಜಾಸ್ತಿ ಗುಳಿ ಇದ್ದರೆ ಬೇಗ ಮುಗಿಯುತ್ತದೆ ಅಂದುಕೊಂಡಿದ್ದೆ. ಮೊದಲ ಗುಳಿ ತುಂಬಿ ಆರನೆಯದಕ್ಕೆ ಬರುವಷ್ಟರಲ್ಲಿ ಕೈ ನಡುಗುತ್ತಿತ್ತು, ಅಚ್ಚು ಕಾದಿರಲಿಲ್ಲ, ಗುಂಡೆಲ್ಲ ಸುಕ್ಕು. ಮೊದಲ ದೋಸೆ ಕಾವಲಿಗೆ ಕಚ್ಚಿಕೊಳ್ಳುವುದೂ ಇದೇ ಕಾರಣಕ್ಕೆ, ಅಲ್ವಾ? ನೀನು ಎರಡು ಗುಳಿಯದು ತಗೋ. ಲೀ ಕಂಪನಿಯ ಅಲ್ಯೂಮಿನಿಯಂ ಅಚ್ಚು ಹಗುರ, ಅಗ್ಗ, ಬೇಗ ಕಾಯುತ್ತದೆ, ಎರಡು ಗುಳಿಯದಕ್ಕೆ ಹಿಡಿಯೂ ಜೊತೆಗೇ ಬರುತ್ತದೆ. ಲೈಮನ್, ಆರ್‌ಸಿಬಿಎಸ್‌ನ ಕಬ್ಬಿಣದವು ಎಣ್ಣೆ ಸವರಿಟ್ಟರೆ ಮಕ್ಕಳ ಕಾಲಕ್ಕೂ ಬರುತ್ತವೆ. ಆದರೆ ಭಾರ, ತುಕ್ಕು ಹಿಡಿಯುತ್ತವೆ, ಹಿಡಿಗೆ ಬೇರೆ ದುಡ್ಡು.

ಅಳತೆಯಲ್ಲಿ ಮಾತ್ರ ಅಂದಾಜು ಬೇಡ. .38 ಎಂಬುದು ಹೆಸರಷ್ಟೇ, ಸೀಸದ ಗುಂಡಿಗೆ ಸಾಮಾನ್ಯವಾಗಿ 0.358 ಇಂಚು ವ್ಯಾಸ ಬೇಕು. ಆ ರಿವಾಲ್ವರಿನ ಸಿಲಿಂಡರಿನಲ್ಲಿ ಗುಂಡು ಹೊರಬೀಳುವ ಬಾಯಿ ಎಷ್ಟಿದೆ ಎಂದು ಗೆಳೆಯನಿಂದಲೇ ಅಳೆಯಿಸು. ಗುಂಡು ಸಣ್ಣದಾದರೆ ಬಿಸಿ ಗಾಳಿ ಪಕ್ಕದಿಂದ ನುಗ್ಗಿ ನಳಿಕೆಗೆಲ್ಲ ಸೀಸ ಮೆತ್ತುತ್ತದೆ, ಉಜ್ಜಿ ಉಜ್ಜಿ ಸಾಕಾಗುತ್ತದೆ. ತೂಕ 158 ಗ್ರೇನ್, ಅಂದರೆ ಸುಮಾರು 10 ಗ್ರಾಂ, ಇರಲಿ. ಒಂದು ಪೌಂಡ್ ಸೀಸಕ್ಕೆ 44 ಗುಂಡು ಬರುತ್ತವೆ. ಚಪ್ಪಟೆ ಮೂತಿ, ಸಪಾಟು ತಳದ್ದು ಸಾಕು. ಗ್ಯಾಸ್ ಚೆಕ್ ಎಂಬ ಪುಟ್ಟ ಲೋಹದ ಟೋಪಿ ಹಾಕುವ ತಳ ವೇಗದ ಗುಂಡುಗಳಿಗೆ, ನಿಮಗೆ ಸುಮ್ನೆ ಖರ್ಚು. ಎರಕಕ್ಕೆ ಚೂರು ತವರ ಸೇರಿದರೆ ಅಚ್ಚಿನ ಮೂಲೆಮೂಲೆಯೂ ತುಂಬುತ್ತದೆ. ಹೌದು, ನಮ್ಮ ಬೀದಿಯಲ್ಲಿ ಕಲಾಯಿ ಹಾಕುವವನು ಹಿತ್ತಾಳೆ ಪಾತ್ರೆಗೆ ಬಳಿಯುತ್ತಿದ್ದ ಅದೇ ತವರ.

ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ಗೆ. ಒಂದು ಹನಿ ನೀರು ಅದರೊಳಗೆ ಸಿಕ್ಕಿಬಿದ್ದರೂ ಆವಿಯಾಗಿ ಕರಗಿದ ಸೀಸ ಪಾತ್ರೆಯಿಂದ ಸಿಡಿಯುತ್ತದೆ. ಒಮ್ಮೆ ಒದ್ದೆಯಾದ ಸೀಸದ ಗಟ್ಟಿಯೊಂದನ್ನು ಕರಗಿದ ಸೀಸಕ್ಕೆ ಹಾಕಿಬಿಟ್ಟೆ, ಮಣಿಕಟ್ಟಿನ ಮೇಲೆ ಇನ್ನೂ ಕಲೆಯಿದೆ. ಕಣ್ಣಿಗೆ ಏನೂ ಆಗಲಿಲ್ಲ, ಕನ್ನಡಕ ಇತ್ತು. ಬಹಳ ಜನ ಹೊಗೆಗೆ ಹೆದರುತ್ತಾರೆ. ಮೇಲೆ ತೇಲುವ ಕಿಟ್ಟದ ಪುಡಿಗೆ ಅದಕ್ಕಿಂತ ಹೆದರಬೇಕು. ಅದು ಕೈಗೆ ಮೆತ್ತಿ, ಕೈಯಿಂದ ಬಾಯಿಗೆ, ಬಟ್ಟೆಯಿಂದ ಮಗುವಿಗೆ ಹೋಗುತ್ತದೆ. ನಿನ್ನ ಮಗಳು ಇನ್ನೂ ಅಂಬೆಗಾಲಿಡುತ್ತಾಳೆ ಎಂದು ಬರೆದಿದ್ದೀಯ. ಹಾಗಿದ್ದರೆ ನಿನ್ನ ಗ್ಯಾರೇಜು ಬೇಡವೇ ಬೇಡ, ಗೆಳೆಯನದೇ ಆಗಲಿ. ಅಡುಗೆಮನೆಯ ಒಲೆ, ಪಾತ್ರೆ, ಸೌಟು ಯಾವುದನ್ನೂ ಮುಟ್ಟಬೇಡ.

ಮತ್ತೆ, ಊರಿಗೆ ಹೋಗುವಾಗ ಬ್ಯಾಗಿನ ಜೇಬೆಲ್ಲ ಕೊಡವಿ ನೋಡು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಒಂದು ತೋಟಾ ಸಿಕ್ಕರೂ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೇಸು, ಮರೆತಿದ್ದೆ ಎಂದರೆ ಕೇಳುವವರಿಲ್ಲ.

ವಕೀಲರು ಏನೆಂದರು ಎಂದು ತಿಳಿಸು. ಅಲ್ಲಿಯವರೆಗೆ ಒಂದು ಶನಿವಾರ ನಮ್ಮನೆಗೆ ಬಾ. ನಾನು ಹೊಯ್ಯುತ್ತೇನೆ, ನೀನು ದೂರ ನಿಂತು ನೋಡು, ಒಂದು ಗುಂಡನ್ನೂ ಮುಟ್ಟಬೇಡ. ಆಮೇಲೆ ಅಕ್ಕಿರೊಟ್ಟಿ ತಿನ್ನೋಣ, ಕೈ ಚೆನ್ನಾಗಿ ತೊಳೆದು. ಮುಚ್ಚಿದ ಬೂಟು ಹಾಕಿಕೊಂಡು ಬಾ, ಚಪ್ಪಲಿಯಲ್ಲಿ ಬಂದವರನ್ನು ನಾನು ಗ್ಯಾರೇಜಿಗೆ ಬಿಡುವುದಿಲ್ಲ.