ವಯಸ್ಸು 31, ಫುಟ್‌ಬಾಲ್ ಸ್ಟ್ರೈಕರ್. ಆಟ ಬಿಟ್ಟು ಕೋಚಿಂಗ್ ಲೈಸೆನ್ಸ್ ಮಾಡಿಕೊಳ್ಳಲಾ?

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. ಬೆಂಗಳೂರಿನ ಸೂಪರ್ ಡಿವಿಷನ್ ಲೀಗ್, ಕೈಕೊಟ್ಟ ಮೊಣಕಾಲು, ಒಂಬತ್ತನೇ ನಂಬರ್ ಜೆರ್ಸಿ. ಹತ್ತು ವರ್ಷದ ಹಿಂದೆ ನಾನೂ ಅಲ್ಲೇ ನಿಂತಿದ್ದೆ. ಅಶೋಕನಗರದ ಸ್ಟೇಡಿಯಂನಲ್ಲಿ ಕೊನೆಯ ಮ್ಯಾಚ್ ಆಡಿ, ಕೋಚಿಂಗ್‌ನ ಡಿ ಲೈಸೆನ್ಸ್ ಮುಗಿಸಿದೆ. ಮೂರೇ ತಿಂಗಳಲ್ಲಿ 15 ವರ್ಷದೊಳಗಿನ ಹುಡುಗರ ತಂಡ ಕೈಗೆ ಬಂತು.

ನನ್ನನ್ನು ಕೆಡಿಸಿದ್ದು ನನ್ನ ಬಾಯಿ. ಹುಡುಗನ ಕಾಲಿಗೆ ಚೆಂಡು ಸೇರೋ ಮೊದಲೇ ಲೈನಿನಿಂದ "ತಿರುಗು! ಎಡಕ್ಕೆ! ಹೊಡಿ!" ಅಂತ ಕೂಗ್ತಿದ್ದೆ. ನನಗೆ ಜಾಗ ಕಾಣ್ತಿತ್ತಲ್ಲ, ಹೇಳದೆ ಇರೋದು ಹೇಗೆ? ಹುಡುಗರು ಗೋಲೂ ಹೊಡೆದರು. ಇದೇ ಕೋಚಿಂಗ್ ಅಂದುಕೊಂಡು ಎರಡು ಸೀಸನ್ ಕಳೆದೆ. ಆಮೇಲೆ ಒಂದು ಸೆಮಿಫೈನಲ್. ನಮ್ಮ ಸ್ಟ್ರೈಕರ್ ಒಬ್ಬನೇ ಬಾಕ್ಸ್ ಒಳಗೆ ನುಗ್ಗಿದ. ಗೋಲ್‌ಕೀಪರ್ ಆಗಲೇ ಬಲಕ್ಕೆ ವಾಲಿದ್ದ, ಎಡಗಡೆ ಪೂರ್ತಿ ಖಾಲಿ. ಹುಡುಗ ಚೆಂಡಿನಿಂದ ಕಣ್ಣು ತೆಗೆದು ನನ್ನ ಕಡೆ ನೋಡಿದ. ಅರ್ಧ ಸೆಕೆಂಡ್ ಅಷ್ಟೇ. ಹಿಂದಿನಿಂದ ಬಂದ ಡಿಫೆಂಡರ್ ಕಾಲು ಚಾಚಿ ಚೆಂಡು ಕಿತ್ತುಕೊಂಡ. ಸ್ಟ್ರೈಕರ್‌ಗೆ ಇರೋ ಆಸ್ತಿಯೇ ಆ ಅರ್ಧ ಸೆಕೆಂಡ್, ಅದನ್ನು ಅವನಿಂದ ಕಸಿದವನು ನಾನು. ಮುಂದಿನ ವರ್ಷ ಅವನು ಮೈದಾನಕ್ಕೆ ಬರಲಿಲ್ಲ. ತಂಡವೂ ನನ್ನ ಕೈ ತಪ್ಪಿತು.

ಫಾರ್ವರ್ಡ್ ಆಡಿದವರು ಒಳ್ಳೆ ಕೋಚ್ ಆಗ್ತಾರಾ ಅಂತಲೂ ಕೇಳಿದ್ದೀರಿ. ಭಾರತದ ಫಾರ್ವರ್ಡ್ ಪಿ.ಕೆ. ಬ್ಯಾನರ್ಜಿ 1962ರ ಜಕಾರ್ತಾ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ಮೇಲೆ ಗೋಲು ಹೊಡೆದವರು. ಆಮೇಲೆ ಕೋಲ್ಕತ್ತಾದ ದೊಡ್ಡ ಕ್ಲಬ್‌ಗಳಾದ ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್ ಎರಡಕ್ಕೂ ಕೋಚ್ ಆದರು. ಅವರ ಮಾತಿಗೆ 'ವೋಕಲ್ ಟಾನಿಕ್' ಅಂತಲೇ ಹೆಸರು. ನಾನೂ ಅದನ್ನೇ ಕೊಡ್ತಿದ್ದೀನಿ ಅಂದುಕೊಂಡಿದ್ದೆ. ಆದರೆ ಅವರ ಟಾನಿಕ್ ಡ್ರೆಸ್ಸಿಂಗ್ ರೂಮಿನದು, ಹುಡುಗರ ಎದೆಗೆ ಧೈರ್ಯ ತುಂಬೋಕೆ.

ಆಟವೋ ಕೋಚಿಂಗೋ ಅನ್ನೋ ನಿಮ್ಮ ಲೆಕ್ಕವೇ ನನಗೆ ಒಪ್ಪಿಗೆಯಿಲ್ಲ. ಕಾಲು ನಡೆಸಿದಷ್ಟು ದಿನ ಆಡಿ. ಜೊತೆಗೆ ಈ ಭಾನುವಾರದಿಂದಲೇ ನಿಮ್ಮ ಏರಿಯಾದ ಚಿಕ್ಕ ಮಕ್ಕಳ ಹತ್ತಿರ ಹೋಗಿ. ಡಿ, ಸಿ, ಬಿ ಲೈಸೆನ್ಸ್ ಒಂದೊಂದಾಗಿ ಆಮೇಲೆ ಮಾಡಿದರಾಯ್ತು. ನೀವು ಎಷ್ಟು ಗೋಲು ಹೊಡೆದಿದ್ದೀರಿ ಅನ್ನೋದು ಆ ಮಕ್ಕಳಿಗೆ ಬೇಕಾಗಿಲ್ಲ. ಮೊದಲ ತಿಂಗಳು ಮ್ಯಾಚ್ ನಡೆಯುವಾಗ ಬಾಯಿ ಬಿಡಬೇಡಿ. ಪಾಸ್ ಬರೋ ಮುಂಚೆ ಯಾರು ಕತ್ತು ತಿರುಗಿಸಿ ಬೆನ್ನ ಹಿಂದೆ ನೋಡ್ತಾರೆ ಅಂತ ಬರೆದಿಟ್ಟುಕೊಳ್ಳಿ. ನನ್ನ ಈಗಿನ ತಂಡದಲ್ಲಿ ಹಾಗೆ ನೋಡೋರು ಇಬ್ಬರೇ. ಒಬ್ಬಳು 11 ವರ್ಷದ ಹುಡುಗಿ. ಅವಳಿಗೆ ಅದನ್ನು ಯಾರೂ ಹೇಳಿಕೊಟ್ಟಿಲ್ಲ.