ನ್ಯೂಯಾರ್ಕಿನಲ್ಲಿ ಅತ್ಯುತ್ತಮ ಹ್ಯಾಂಬರ್ಗರ್ ಎಲ್ಲಿ ಸಿಗುತ್ತದೆ?

ನಾಲ್ಕು ದಿನಕ್ಕೆ ಬರುತ್ತಿದ್ದೀರಿ, ಮ್ಯಾನ್‌ಹಟನ್‌ನಲ್ಲೇ ಉಳಿದುಕೊಳ್ಳುತ್ತೀರಿ, ನಿಮಗೆ ಬೀಫ್ ಆಗುತ್ತದೆ, ಮನೆಯವರು ಶುದ್ಧ ಸಸ್ಯಾಹಾರಿ ಎಂದು ಬರೆದಿದ್ದೀರಿ. ಒಂಬತ್ತು ವರ್ಷದಿಂದ ಈ ಊರಲ್ಲಿದ್ದೇನೆ. ಮೊದಲೆರಡು ವರ್ಷ ಶನಿವಾರ ಬಂತೆಂದರೆ ಬರ್ಗರ್ ಹುಡುಕುವುದೇ ನನ್ನ ಕೆಲಸ. ಒಂದೇ ಕಡೆ ಹೋಗಲು ಪುರಸೊತ್ತಿದ್ದರೆ ಮ್ಯಾನ್‌ಹಟನ್‌ನ ಸೋಹೋದಲ್ಲಿರುವ ಹ್ಯಾಂಬರ್ಗರ್ ಅಮೆರಿಕ ಎಂಬ ಹೋಟೆಲಿಗೆ ಹೋಗಿ, ಫ್ರೈಡ್ ಆನಿಯನ್ ಬರ್ಗರ್ ತಗೊಳ್ಳಿ.

ಮೊದಲೊಂದು ಮಾತು. ಹ್ಯಾಂಬರ್ಗರ್‌ನಲ್ಲಿ ಹ್ಯಾಮ್, ಅಂದರೆ ಹಂದಿಮಾಂಸ, ಇರುವುದಿಲ್ಲ. ಆ ಹೆಸರು ಜರ್ಮನಿಯ ಹ್ಯಾಂಬರ್ಗ್ ಊರಿನದು. ನಮ್ಮ ಕಡೆಯ ಮೆಕ್‌ಡೊನಾಲ್ಡ್ಸ್‌ನಲ್ಲಿ ಬೀಫ್ ಮಾಡುವುದೇ ಇಲ್ಲ. ಹಾಗಾಗಿ ಅಲ್ಲಿ ತಿಂದ ಬರ್ಗರಿನ ರುಚಿ ಇಟ್ಟುಕೊಂಡು ಇಲ್ಲಿಯದನ್ನು ಅಳೆಯಬೇಡಿ, ಎರಡೂ ಬೇರೆಯೇ ತಿಂಡಿ.

ಶುರುವಿನಲ್ಲಿ ನಾನೂ ಎತ್ತರದ ಬರ್ಗರ್ ನೋಡಿ ಮೋಸಹೋದೆ. ಒಂದು ದುಬಾರಿ ಹೋಟೆಲಿನಲ್ಲಿ ಗೇಣುದ್ದದ್ದು ತಂದಿಟ್ಟರು. ಎರಡನೇ ತುತ್ತಿಗೇ ಬನ್ನು ನೆಂದು ಹರಿಯಿತು, ಮಾಂಸ ಬೂದಿ ಬಣ್ಣಕ್ಕೆ ತಿರುಗಿತ್ತು, ಸಾಸು ಬಿಟ್ಟರೆ ಬೇರೆ ರುಚಿಯೇ ಇರಲಿಲ್ಲ. ಆಮೇಲೆ ಆಮೇಲೆ ತಿಳಿಯಿತು, ನೋಡಬೇಕಾದ್ದು ಕಾವಲಿಯನ್ನು. ದೋಸೆಯ ಹಾಗೇ ಇದೂ ಕಾವಲಿಯ ಮೇಲಿನ ಅಡುಗೆ. ಕಾವಲಿ ಚೆನ್ನಾಗಿ ಕಾದಿದ್ದರೆ ಮಾಂಸದ ತಳ ಕಂದು ಬಣ್ಣಕ್ಕೆ ಗರಿಗರಿಯಾಗಿ ಹಿಡಿಯುತ್ತದೆ. ರುಚಿಯೆಲ್ಲ ಇರುವುದು ಆ ಗರಿಯಲ್ಲಿ. ಮಾಂಸದಲ್ಲಿ ನೂರಕ್ಕೆ 20ರಷ್ಟು ಕೊಬ್ಬು ಇರಬೇಕು. ಅದಕ್ಕಿಂತ ತೀರಾ ಕಡಿಮೆಯಾದರೆ ಒಣಗುತ್ತದೆ.

ಹ್ಯಾಂಬರ್ಗರ್ ಅಮೆರಿಕ ಶುರುವಾದದ್ದು 2023ರಲ್ಲಿ. ಹಾಕಿದವರು ಜಾರ್ಜ್ ಮೋಟ್ಜ್, ಅಮೆರಿಕದ ಊರೂರಿನ ಬರ್ಗರ್‌ಗಳನ್ನು ವರ್ಷಗಟ್ಟಲೆ ಹುಡುಕಿ ದಾಖಲಿಸಿದವರು. ಅಲ್ಲಿ ಕೌಂಟರಿನ ಮುಂದಿನ ಸ್ಟೂಲ್ ಸಿಗುವವರೆಗೆ ಕಾಯಿರಿ. ಮಾಂಸದ ಉಂಡೆಯನ್ನು ಕಾವಲಿಗೆ ಹಾಕುತ್ತಾರೆ. ಮೇಲೆ ಕಾಗದದಷ್ಟು ತೆಳ್ಳಗೆ ಹೆಚ್ಚಿದ ಈರುಳ್ಳಿ ಒಂದು ಹಿಡಿ. ಅಗಲವಾದ ಸಟ್ಟುಗದಿಂದ ಮೈಭಾರ ಬಿಟ್ಟು ಒತ್ತಿ, ಈರುಳ್ಳಿಯನ್ನು ಮಾಂಸದೊಳಕ್ಕೆ ಇಳಿಸುತ್ತಾರೆ. ಒತ್ತುವುದು ಆಗ ಮಾತ್ರ. ಅರ್ಧ ಬೆಂದ ಮೇಲೆ ಒತ್ತಿದರೆ ರಸವೆಲ್ಲ ಕಾವಲಿಯ ಪಾಲು. ಮಗುಚಿದಾಗ ಈರುಳ್ಳಿ ಕೆಳಗಾಗಿ ಅದೇ ಕೊಬ್ಬಿನಲ್ಲಿ ಬೇಯುತ್ತದೆ. ಮೇಲೆ ಚೀಸ್, ಅದರ ಮೇಲೆ ಬನ್ನು. ಆ ಹಬೆಗೆ ಬನ್ನು ಹತ್ತಿಯಾಗುತ್ತದೆ. ಅಂಚಿನ ಈರುಳ್ಳಿ ಸೀಯುವ ವಾಸನೆ ಬಂದಾಗ ನನಗೆ ಅಮ್ಮ ಈರುಳ್ಳಿ ದೋಸೆ ಎತ್ತುವ ಗಳಿಗೆಯೇ ನೆನಪಾಗುವುದು. ಮೂಲತಃ ಇದು ಓಕ್ಲಹೋಮಾದ ಪದ್ಧತಿ.

ದಪ್ಪ ಬರ್ಗರ್ ಇಷ್ಟವಾದರೆ ಜೆ.ಜಿ. ಮೆಲನ್. ಥರ್ಡ್ ಅವೆನ್ಯೂ, 74ನೇ ಬೀದಿಯ ಮೂಲೆ, 1972ರಿಂದ ಇದೆ. ಗೋಡೆ ತುಂಬ ಕಲ್ಲಂಗಡಿ ಚಿತ್ರಗಳು. ಬನ್ನು, ಮಾಂಸ, ಚೀಸ್, ಜೊತೆಗೆ ಈರುಳ್ಳಿ, ಉಪ್ಪಿನಲ್ಲಿಟ್ಟ ಸೌತೆಕಾಯಿ, ಇಷ್ಟೇ. ದುಂಡಗೆ ಕತ್ತರಿಸಿ ಕರಿದ ಆಲೂಗಡ್ಡೆಯನ್ನೂ ತರಿಸಿಕೊಳ್ಳಿ. ಎಷ್ಟು ಬೇಯಿಸಲಿ ಎಂದು ಕೇಳುತ್ತಾರೆ. ಇಲ್ಲಿನವರು ಒಳಗೆ ಕೆಂಪಗಿರುವ ಮೀಡಿಯಂ ರೇರ್ ಹೇಳುತ್ತಾರೆ. ಸರ್ಕಾರದ ಸಲಹೆ ಮಾತ್ರ ಕೊಚ್ಚಿದ ಮಾಂಸ ಒಳಗೂ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು ಎಂದು. ಜೊತೆಯಲ್ಲಿ ಮಕ್ಕಳಿದ್ದರೆ ಅವರಿಗೆ ಪೂರ್ತಿ ಬೇಯಿಸಿದ್ದೇ ಇರಲಿ. ನಗದು ಜೇಬಿನಲ್ಲಿರಲಿ, ಬಿಲ್ಲಿನ ಮೇಲೆ ನೂರಕ್ಕೆ 18ರಿಂದ 20 ಟಿಪ್ಸ್ ಲೆಕ್ಕ ಹಾಕಿಕೊಳ್ಳಿ.

ಬ್ರೂಕ್ಲಿನ್ ಕಡೆ ಹೋದರೆ ಪೀಟರ್ ಲೂಗರ್ ಇದೆ, 1887ರದು, ಆದರೆ ಬರ್ಗರ್ ಮಧ್ಯಾಹ್ನ ಮಾತ್ರ. ಶೇಕ್ ಶ್ಯಾಕ್ ಈಗ ಎಲ್ಲ ಕಡೆ ಇದೆ. ತಿನ್ನುವುದಾದರೆ 2004ರಲ್ಲಿ ಅದು ಶುರುವಾದ ಮ್ಯಾಡಿಸನ್ ಸ್ಕ್ವೇರ್ ಪಾರ್ಕಿನಲ್ಲೇ, ಮರದ ಕೆಳಗೆ ಕೂತು ತಿನ್ನಿ.

ಮನೆಯವರ ವಿಷಯ. ಬೀಫ್ ಬೆಂದ ಕಾವಲಿಯ ಮೇಲೇ ಬೇರೆಯದನ್ನೂ ಬೇಯಿಸುವ ಕಡೆಗಳಿವೆ. ಹಾಗಾಗಿ ಮೆನುವಿನಲ್ಲಿ ವೆಜ್ ಎಂದಿದ್ದರೂ ಕೇಳದೆ ತಿನ್ನಿಸಬೇಡಿ. ಅವರನ್ನು ಅವೆನ್ಯೂ ಎಯಲ್ಲಿರುವ ಸುಪೀರಿಯಾರಿಟಿ ಬರ್ಗರ್‌ಗೆ ಕರೆದುಕೊಂಡು ಹೋಗಿ. ಅಡುಗೆಮನೆಯೇ ಪೂರ್ತಿ ಸಸ್ಯಾಹಾರಿ. ಕೀನ್ವಾ ಎಂಬ ಸಣ್ಣ ಕಾಳು, ಕಡಲೆಕಾಳು ಸೇರಿಸಿ ಮಾಡಿದ ಬರ್ಗರ್, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಬೀಫ್ ತಿನ್ನುವ ನಾನೂ ಅದಕ್ಕಾಗಿಯೇ ಅಷ್ಟು ದೂರ ಹೋಗುತ್ತೇನೆ. ಎದುರಿಗೇ ಟಾಂಪ್ಕಿನ್ಸ್ ಸ್ಕ್ವೇರ್ ಪಾರ್ಕ್, ಕೂರಲು ಬೇಕಾದಷ್ಟು ಬೆಂಚುಗಳಿವೆ.