ಮೂಳೆ ಎಷ್ಟು, ಮನುಷ್ಯರು ಎಷ್ಟು?

ಪ್ರಶ್ನೆ: ಹನ್ನೆರಡು ವರ್ಷ ವರದಿಗಾರ್ತಿಯಾಗಿದ್ದು ಈಗ ಪಿಎಚ್‌ಡಿಗೆ ಸೇರಿದ್ದೇನೆ. ಬೋಸ್ನಿಯಾ ಯುದ್ಧದಲ್ಲಿ ಕಾಣೆಯಾದವರ ಬಗ್ಗೆ ಅಧ್ಯಯನ. ಓದಿದ ಕಡೆಯೆಲ್ಲ ಒಂದೊಂದು ಲೆಕ್ಕ ಸಿಗುತ್ತಿದೆ. ಡಿಎನ್‌ಎ ಪರೀಕ್ಷೆ ಇದ್ದೂ ಇಷ್ಟು ವರ್ಷ ಹಿಡಿದದ್ದು ಯಾಕೆ? ಮನೆಯವರನ್ನು ಮಾತನಾಡಿಸುವಾಗ ಏನು ಎಚ್ಚರ ಬೇಕು?
– ಓದುಗರು, ಧಾರವಾಡ

ಉತ್ತರ: 1992–95ರ ಆ ಯುದ್ಧದಲ್ಲಿ ಬೋಸ್ನಿಯಾದಲ್ಲಿ ಕಾಣೆಯಾದವರು ಸುಮಾರು 30,000. ಅವರಲ್ಲಿ 7,000ಕ್ಕೂ ಹೆಚ್ಚು ಮಂದಿಯ ಸುಳಿವು ಇನ್ನೂ ಸಿಕ್ಕಿಲ್ಲ. ಗೊಂದಲ ಇರುವುದು ಎಣಿಸುವ ವಸ್ತುವಿನಲ್ಲಿ. ಹೊರತೆಗೆದ ಅವಶೇಷ, ಡಿಎನ್‌ಎ ವರದಿ, ಗುರುತಾದ ವ್ಯಕ್ತಿ – ಈ ಮೂರೂ ಬೇರೆ ಬೇರೆ. ಒಬ್ಬನದೇ ಹೆಸರಿನಲ್ಲಿ ನಾಲ್ಕೈದು ವರದಿ ಇರಬಹುದು. ಯಾವ ಸಂಖ್ಯೆ ಬರೆದುಕೊಂಡರೂ ಅದು ಏನನ್ನು ಎಣಿಸಿದ್ದು, ಯಾವ ವರ್ಷದ್ದು ಎಂದು ಪಕ್ಕದಲ್ಲೇ ಗುರುತು ಹಾಕಿಕೊಳ್ಳಿ.

ತಡವಾದದ್ದಕ್ಕೆ ದೊಡ್ಡ ಕಾರಣ ಮಣ್ಣೆತ್ತುವ ಯಂತ್ರ. 1995ರ ಜುಲೈನಲ್ಲಿ ಬೋಸ್ನಿಯಾದ ಸರ್ಬ್ ಪಡೆಗಳು ಪೂರ್ವ ಬೋಸ್ನಿಯಾದ ಸ್ರೆಬ್ರೆನಿತ್ಸಾ ಪಟ್ಟಣದ ಸುಮಾರು 8,000 ಮುಸ್ಲಿಂ ಗಂಡಸರು, ಹುಡುಗರನ್ನು ಕೊಂದು ಹೂತವು. ಗುಟ್ಟು ಬಯಲಾಗುತ್ತದೆ ಅನ್ನಿಸಿದಾಗ, ಅದೇ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಗುಂಡಿಗಳನ್ನು ಮತ್ತೆ ತೋಡಿ, ದೇಹಗಳನ್ನು ಲಾರಿಗೆ ತುಂಬಿ, ದೂರದ ಕಣಿವೆಗಳಲ್ಲಿ ಸುರಿದವು. ಯಂತ್ರದ ಬಕೆಟ್ಟು ಅವನ್ನು ತುಂಡರಿಸಿತು. ಒಬ್ಬನ ತೊಡೆಮೂಳೆ ಒಂದು ಗುಂಡಿಯಲ್ಲಿ, ದವಡೆ ಇನ್ನೊಂದರಲ್ಲಿ. ಯಾವ ಗುಂಡಿಯದು ಎಲ್ಲಿಗೆ ಹೋಯಿತು ಎಂದು ಹೇಗೆ ತಿಳಿಯಿತು ಗೊತ್ತೆ? ಕೋಜ್ಲುಕ್ ಎಂಬ ಊರಿನಲ್ಲಿ ಜನರನ್ನು ಕೊಂದ ಜಾಗದಲ್ಲಿ ಬಾಟಲಿ ಕಾರ್ಖಾನೆಯ ಒಡೆದ ಹಸಿರು ಗಾಜು ರಾಶಿ ಬಿದ್ದಿತ್ತು. ಕಾಮೆನಿತ್ಸಾ ಕಣಿವೆಯ ಗುಂಡಿಯೊಂದರಲ್ಲಿ ಮೂಳೆಗಳ ನಡುವೆ ಅದೇ ಗಾಜು ಸಿಕ್ಕಿತು. ಮಣ್ಣು, ಪರಾಗ, ಗುಂಡಿನ ಖಾಲಿ ತೋಟಾ, ಕಣ್ಣಿಗೆ ಕಟ್ಟಿದ ಬಟ್ಟೆ ಕೂಡ ಹೀಗೇ ಸಾಕ್ಷಿಗೆ ಒದಗಿದವು.

ಡಿಎನ್‌ಎಗೆ ಮೊದಲು ಬಟ್ಟೆಬರೆಯ ಫೋಟೊ ತೋರಿಸಿ ಗುರುತು ಹಿಡಿಸುತ್ತಿದ್ದರು. ಒಂದೇ ಬಗೆಯ ಅಂಗಿ ಎಷ್ಟೋ ಜನರ ಮೈಮೇಲಿರುತ್ತದೆ, ತಪ್ಪು ಮನೆಗೆ ತಪ್ಪು ದೇಹ ಹೋದದ್ದೂ ಉಂಟು. ಕಾಣೆಯಾದವರ ಪತ್ತೆಗೆಂದು 1996ರಲ್ಲಿ ಹುಟ್ಟಿದ ಅಂತಾರಾಷ್ಟ್ರೀಯ ಆಯೋಗ (ಐಸಿಎಂಪಿ) ಕ್ರಮವನ್ನೇ ತಿರುವುಹಾಕಿ, ಡಿಎನ್‌ಎಯಿಂದ ಶುರುಮಾಡಿತು. ಮೊದಲ ಹೊಂದಾಣಿಕೆ ಸಿಕ್ಕಿದ್ದು 2001ರ ನವೆಂಬರ್‌ನಲ್ಲಿ. ಬಂಧುವಿನ ಬೆರಳು ಚುಚ್ಚಿ ಕಾರ್ಡಿನ ಮೇಲೆ ಕೆಲವು ಹನಿ ರಕ್ತ; ಆ ಕಡೆ ಹಲ್ಲು ಅಥವಾ ತೊಡೆಮೂಳೆಯ ಗಟ್ಟಿ ಭಾಗದಿಂದ ಕತ್ತರಿಸಿದ ಚೂರು. ಹೊಂದಾಣಿಕೆ ಕನಿಷ್ಠ 99.95 ಶೇಕಡಾ ಖಚಿತವಾದರೆ ಮಾತ್ರ ವರದಿ. ಹೆಂಡತಿಯ ರಕ್ತ ಒಂದರಿಂದಲೇ ಏನೂ ಆಗದು, ಮಕ್ಕಳದೂ ಬೇಕು. ಇನ್ನೂ ಕಷ್ಟದ್ದು: ಮದುವೆಯಾಗದ ಅಣ್ಣ ತಮ್ಮ ಇಬ್ಬರೂ ಕಾಣೆಯಾಗಿದ್ದರೆ ತಂದೆತಾಯಿಯ ರಕ್ತಕ್ಕೆ ಇಬ್ಬರೂ ಹೊಂದುತ್ತಾರೆ. ಆಗ ವಯಸ್ಸು, ಎತ್ತರ, ಹಲ್ಲಿನ ಗುರುತು ನೋಡಿಯೇ ಬಿಡಿಸಬೇಕು. ಒಂದೇ ಮನೆಯ ನಾಲ್ಕೈದು ಗಂಡಸರು ಹೋದ ಊರುಗಳಲ್ಲಿ ರಕ್ತ ಕೊಡಲು ಯಾರಾದರೂ ಉಳಿದಿರಬೇಕಲ್ಲ?

ಗುರುತಾದ ಮೇಲೂ ಮುಗಿಯುವುದಿಲ್ಲ. ಸಿಕ್ಕಷ್ಟೇ ಮೂಳೆಯನ್ನು ಈಗ ಹೂಳುವುದೋ, ಉಳಿದದ್ದು ಸಿಗಲೆಂದು ಕಾಯುವುದೋ ಎಂದು ಮನೆಯವರೇ ತೀರ್ಮಾನಿಸಬೇಕು. ಹೂತ ಮೇಲೆ ಇನ್ನೊಂದು ಮೂಳೆ ಸಿಕ್ಕರೆ ಗೋರಿ ಮತ್ತೆ ತೆರೆಯಬೇಕಾಗುತ್ತದೆ. ಸ್ರೆಬ್ರೆನಿತ್ಸಾ ಬಳಿಯ ಪೊತೋಚಾರಿಯ ಸ್ಮಾರಕ ಸ್ಮಶಾನದಲ್ಲಿ ಪ್ರತಿ ಜುಲೈ 11ರಂದು ಸಾಮೂಹಿಕ ದಫನ ನಡೆಯುತ್ತದೆ. ಆ ದಿನ ಸಂದರ್ಶನಕ್ಕೆ ಹೋಗಬೇಡಿ.

ಮಾತುಕತೆಯಲ್ಲಿ ಮೊದಲ ಎಚ್ಚರ ಕ್ರಿಯಾಪದದ್ದು. ತಾಯಿ "ನನ್ನ ಮಗ ಒಳ್ಳೆಯವನು" ಅಂದರೆ ನೀವು "ಹೇಗಿದ್ದ?" ಎಂದು ಕೇಳಿಬಿಡುವುದು ಸಾವಿನ ಸುದ್ದಿ ತಿಳಿಸಿದ ಹಾಗೆ. ಅವರು ಯಾವ ಕಾಲದಲ್ಲಿ ಮಾತಾಡುತ್ತಾರೋ ಅದನ್ನೇ ಹಿಡಿಯಿರಿ, ಅನುವಾದಕರಿಗೂ ಮೊದಲೇ ಹೇಳಿಡಿ. ಒಪ್ಪಿಗೆಯನ್ನು ಒಂದೇ ಸಲ ಸಹಿ ಹಾಕಿಸಿ ಮುಗಿಸದೆ, ಬರೆದದ್ದನ್ನು ತೋರಿಸಿ ಮತ್ತೆ ಕೇಳಿ. ವಿಷಯ ಹೊರಬೀಳಲಿ ಎಂಬ ಪತ್ರಿಕೆಯ ಅವಸರ ಇಲ್ಲಿ ಕೆಲಸಕ್ಕೆ ಬಾರದು. ಯಾರಾದರೂ ಗುಂಡಿಯ ಜಾಗ ಹೇಳಿದರೆ ಏನು ಮಾಡುತ್ತೀರಿ ಎಂಬುದನ್ನು ಸಂದರ್ಶನ ಶುರುವಾಗುವ ಮುಂಚೆಯೇ ಅವರಿಗೆ ತಿಳಿಸಿ. ಫೋಟೊ ತೆಗೆಯಲೆಂದು ನೀವೇ ಅಲ್ಲಿ ಮಣ್ಣು ಕೆದಕಬೇಡಿ: ಪದರ ಕಲಕಿದರೆ ಯಾರ ಮೂಳೆ ಯಾರ ಜೊತೆಗಿತ್ತು ಎಂಬ ಸಾಕ್ಷಿ ಅಲ್ಲಿಗೇ ಹೋಯಿತು.